ಪಟ್ಟಿಗಿಂತ ಮೊದಲು ಅವರ ಮಾತು: ಪ್ಯಾನಿಕ್ ಅಟ್ಯಾಕ್ ಕುರಿತು ನಾನು ನಡೆಸಿದ ಆನ್‌ಲೈನ್ ಸಮೀಕ್ಷೆ

ಪ್ಯಾನಿಕ್ ಅಟ್ಯಾಕ್ ಅನುಭವಿಸಿದವರಲ್ಲಿ ಹಲವರು ಮತ್ತೆಲ್ಲಿ ಅದು ಬಂದೀತೋ ಎಂಬ ಅಂಜಿಕೆಯಿಂದ ಮನೆಯ ಹೊಸ್ತಿಲು ದಾಟುವುದನ್ನೇ ಕಡಿಮೆ ಮಾಡಿಕೊಂಡಿರುತ್ತಾರೆ. ಸಂದರ್ಶನಕ್ಕೆ ಬನ್ನಿ ಎಂದರೆ ಬರಲಾಗದ ಇವರನ್ನೂ ತಲುಪಬೇಕೆಂದೇ ನಾನು ಆನ್‌ಲೈನ್ ಸಮೀಕ್ಷೆಯನ್ನು ಆರಿಸಿಕೊಂಡೆ.

ಮೊದಲ ಕರಡಿನಲ್ಲಿ ನಾನು ಮಾಡಿದ ತಪ್ಪು ಪ್ರಶ್ನೆಗಳ ಕ್ರಮದ್ದು. ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, ಪ್ಯಾನಿಕ್ ಅಟ್ಯಾಕ್ ಎನ್ನಬೇಕಾದರೆ ಭಯವು ಇದ್ದಕ್ಕಿದ್ದಂತೆ ಉಕ್ಕಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಬೇಕು. ಜೊತೆಗೆ ಎದೆಬಡಿತ, ಬೆವರು, ಉಸಿರು ಕಟ್ಟಿದಂತಾಗುವುದು, ಸತ್ತೇ ಹೋಗುತ್ತೇನೆಂಬ ಭಯ ಮೊದಲಾದ 13 ಲಕ್ಷಣಗಳಲ್ಲಿ ಕನಿಷ್ಠ 4 ಇರಬೇಕು. ಈ ಪಟ್ಟಿಯನ್ನು ಮೊದಲ ಪುಟದಲ್ಲೇ ಇಟ್ಟು, 'ನಿಮ್ಮ ಅನುಭವವನ್ನು ಬರೆಯಿರಿ' ಎಂಬ ಖಾಲಿ ಜಾಗವನ್ನು ಕೊನೆಗೆ ಕೊಟ್ಟಿದ್ದೆ. ಪ್ರಾಯೋಗಿಕ ಸುತ್ತಿನಲ್ಲಿ ಬಂದ ಉತ್ತರಗಳನ್ನು ಓದಿದಾಗ, ಜನ ನನ್ನ ಪದಗಳನ್ನೇ ನನಗೆ ಹಿಂದಿರುಗಿಸಿದ್ದರು. ಖಾಲಿ ಜಾಗವನ್ನು ಮೊದಲಿಗೆ ತಂದು ಪಟ್ಟಿಯನ್ನು ಹಿಂದೆ ಸರಿಸಿದ ಮೇಲೆ ಬರಹದ ಧಾಟಿಯೇ ಬದಲಾಯಿತು. ಪಕ್ಕದಲ್ಲಿ ಕುಳಿತವರ ಮಾತು ಬಾವಿಯೊಳಗಿನಿಂದ ಬಂದಂತೆ ಕೇಳಿಸಿತೆಂದೂ, ತಾನು ನಿಜವಾಗಿ ಅಲ್ಲಿದ್ದೇನೆಯೇ ಎಂದು ತಿಳಿಯಲು ಗೋಡೆಯನ್ನು ಮುಟ್ಟಿ ನೋಡಿದೆನೆಂದೂ ಒಬ್ಬರು ಬರೆದಿದ್ದರು. ಸುತ್ತಲಿನ ಲೋಕ ಅವಾಸ್ತವವೆನಿಸುವುದು ಕೈಪಿಡಿಯ ಪಟ್ಟಿಯಲ್ಲೂ ಇದೆ. ಆದರೆ ಆ ಗೋಡೆ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ತೀವ್ರತೆಯನ್ನು ಅಳೆಯಲು, ಸ್ವತಃ ತುಂಬಬಹುದಾದ ಪಿಡಿಎಸ್‌ಎಸ್ (ಪ್ಯಾನಿಕ್ ತೊಂದರೆಯ ತೀವ್ರತೆಯ ಮಾಪಕ) ಪ್ರಶ್ನಾವಳಿಯನ್ನು ಬಳಸಿದೆ. ಅದರಲ್ಲಿರುವುದು 7 ಪ್ರಶ್ನೆಗಳು. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ, ಒಟ್ಟು 28. ಇದನ್ನು ರೋಗನಿರ್ಣಯವೆಂದು ಭಾವಿಸಬಾರದು. ಥೈರಾಯ್ಡ್ ತೊಂದರೆಯಲ್ಲೂ ಹೃದಯದ ಲಯ ತಪ್ಪಿದಾಗಲೂ ಇಂಥವೇ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಅವನ್ನು ಬೇರ್ಪಡಿಸಿ ನೋಡುವುದು ಪರೀಕ್ಷಿಸುವ ವೈದ್ಯರ ಕೆಲಸ, ಪ್ರಶ್ನಾವಳಿಯದಲ್ಲ. ಹಾಗೆಯೇ, ತಾವಾಗಿ ಮುಂದೆ ಬಂದವರ ಉತ್ತರಗಳಿಂದ ನೂರರಲ್ಲಿ ಎಷ್ಟು ಜನರಿಗೆ ಈ ತೊಂದರೆ ಇದೆಯೆಂದು ಲೆಕ್ಕ ಹಾಕಲಾಗದು; ಅಂಥ ಅಂಕಿಯನ್ನು ನಾನು ವರದಿಯಲ್ಲಿ ಎಲ್ಲಿಯೂ ಕೊಡಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಸಂಗತಿ. ಪ್ರಾಯೋಗಿಕ ಸುತ್ತಿನಲ್ಲಿ ಒಬ್ಬರು ನನ್ನೆದುರೇ ಕುಳಿತು ಪ್ರಶ್ನಾವಳಿ ತುಂಬುತ್ತಿದ್ದರು. ತೀರಾ ಕೆಟ್ಟ ಅನುಭವವನ್ನು ವಿವರವಾಗಿ ನೆನಪಿಸಿಕೊಳ್ಳಿ ಎಂಬ ಸಾಲಿಗೆ ಬಂದಾಗ ಅವರ ಎಡಗೈ ಎದೆಯ ಮೇಲೆ ಹೋಯಿತು, ಉಸಿರು ಚಿಕ್ಕದಾಯಿತು. ಪ್ರಶ್ನೆ ಓದುವುದರಿಂದಲೇ ದೇಹ ಹಳೆಯದನ್ನು ನೆನೆಯಬಲ್ಲದು ಎಂದು ನಾನು ಕಣ್ಣಾರೆ ಕಂಡೆ. ಪರದೆಯ ಆಚೆ ಒಂಟಿಯಾಗಿ ಕುಳಿತವರಿಗೆ ಹೀಗಾದರೆ ನನಗೆ ತಿಳಿಯುವುದೂ ಇಲ್ಲ. ಅಂದೇ ಆ ಸಾಲನ್ನು ತೆಗೆದು, ಹೇಳಬೇಕೆನಿಸಿದಷ್ಟನ್ನು ಮಾತ್ರ ಬರೆಯಿರಿ ಎಂದು ಬದಲಿಸಿದೆ. ಯಾವ ಪ್ರಶ್ನೆಯನ್ನೂ ಕಡ್ಡಾಯವಾಗಿಡಲಿಲ್ಲ. ಕೊನೆಯ ಪುಟದಲ್ಲಿ ಮಾತ್ರವಿದ್ದ ಸಹಾಯವಾಣಿಯ ವಿವರವನ್ನು 'ಇಲ್ಲಿಗೆ ನಿಲ್ಲಿಸುತ್ತೇನೆ' ಎಂಬ ಗುಂಡಿಯ ಜೊತೆಗೆ ಪ್ರತಿ ಪುಟದಲ್ಲೂ ಇಟ್ಟೆ.

ಆ ಗುಂಡಿ ಒತ್ತಿದವರನ್ನು, ಈವರೆಗೆ ಬರೆದದ್ದನ್ನು ಉಳಿಸಿಕೊಳ್ಳಬಹುದೇ ಎಂದು ಪ್ರತ್ಯೇಕವಾಗಿ ಕೇಳುತ್ತಿದ್ದೆ. ಬೇಡ ಎಂದವರ ಉತ್ತರಗಳಲ್ಲಿ ಅತ್ಯಂತ ವಿವರವಾದ ಕೆಲವು ಬರಹಗಳೂ ಇದ್ದಿರಬಹುದು. ಅವು ನನ್ನ ಕಣ್ಣಿಗೆ ಬೀಳುವ ಮೊದಲೇ ಅಳಿಸಿಹೋಗುವಂತೆ ವ್ಯವಸ್ಥೆ ಮಾಡಿದ್ದೆ.