ಹಳೇ ಮನೆಯ ರೇಡಿಯೇಟರ್: ಚಳಿ ಶುರುವಾಗುವ ಮುಂಚೆ ಒಳಗಿನ ಧೂಳು ತೆಗೆಯಿರಿ

ಬ್ರಿಟನ್‌ನ ವಿಕ್ಟೋರಿಯನ್ ಕಾಲದ ಸಾಲುಮನೆಗಳಲ್ಲಿ ಬಾಡಿಗೆಗೆ ಇರುವವರಿಗೆ ಅಕ್ಟೋಬರ್‌ನಲ್ಲಿ ಮೊದಲ ಸಲ ಹೀಟಿಂಗ್ ಹಾಕಿದಾಗ ಸೀದ ವಾಸನೆ ಬರುವುದುಂಟು. ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ, ಗೋಡೆ ಪಕ್ಕದ ಲೋಹದ ರೇಡಿಯೇಟರಿನ ತಗಡುಗಳ ನಡುವೆ ಬೇಸಿಗೆಯಿಡೀ ಕೂತ ಧೂಳು ಕಾಯುವ ವಾಸನೆ ಅದು. ಕೊಳೆತ ಮೊಟ್ಟೆಯಂಥ ವಾಸನೆಯಾದರೆ ಮಾತ್ರ ಗ್ಯಾಸ್ ಸೋರಿಕೆ ಇರಬಹುದು. ಆಗ ಯಾವ ಸ್ವಿಚ್ಚನ್ನೂ ಮುಟ್ಟದೆ ಬಾಗಿಲು ಕಿಟಕಿ ತೆರೆದು ಹೊರಗೆ ಹೋಗಿ, 0800 111 999ಕ್ಕೆ ಫೋನ್ ಮಾಡಿ.

ಬಿಸಿಯಾದ ರೇಡಿಯೇಟರ್ ಕೆಳಗಿನಿಂದ ಗಾಳಿ ಎಳೆದು ಮೇಲಿನಿಂದ ಬಿಡುತ್ತದೆ. ಆ ಗಾಳಿಯ ಜೊತೆ ನೆಲದ ಕೂದಲು, ಕಾರ್ಪೆಟ್ಟಿನ ಎಳೆ ಎಲ್ಲ ಹೋಗಿ ಒಳಗಿನ ಮಡಿಕೆ ತಗಡುಗಳಿಗೆ ಅಂಟಿಕೊಳ್ಳುತ್ತವೆ. ಹಿಂದಿನ ಗೋಡೆಯ ಮೇಲ್ಭಾಗ ಕಪ್ಪಾಗುವುದೂ ಇದರಿಂದಲೇ. ಮುಂದಿನ ಮೈಯನ್ನು ಎಷ್ಟು ಫಳಫಳ ಒರೆಸಿದರೂ ಪ್ರಯೋಜನವಿಲ್ಲ, ಕೆಲಸ ಇರುವುದು ಒಳಗೆ.

ಹೀಟಿಂಗ್ ಆರಿಸಿ, ರೇಡಿಯೇಟರ್ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಕೆಳಗೆ ಹಳೇ ಬೆಡ್‌ಶೀಟ್ ಹಾಸಿ. ರೇಡಿಯೇಟರಿಗೂ ಗೋಡೆಗೂ ನಡುವೆ ಚೆನ್ನಾಗಿ ಹಿಂಡಿದ ಒದ್ದೆ ಟವೆಲ್ ಇಳಿಬಿಡಿ, ಹಾರುವ ಧೂಳು ಅದಕ್ಕೆ ಹಿಡಿಯುತ್ತದೆ. ಇನ್ನು ಮೇಲಿನ ಜಾಲರಿ. ಅದನ್ನೂ ಪಕ್ಕದ ತಗಡುಗಳನ್ನೂ ಸಾಮಾನ್ಯವಾಗಿ ಕ್ಲಿಪ್ ಹಿಡಿದಿರುತ್ತದೆ, ಮೆಲ್ಲಗೆ ಮೇಲಕ್ಕೆ ಎತ್ತಿದರೆ ಬರುತ್ತದೆ. ಹಳೇ ಮನೆಗಳಲ್ಲಿ ಕ್ಲಿಪ್ಪಿನ ಮೇಲೇ ಪೇಂಟ್ ಬಳಿದು ಕೂರಿಸಿಬಿಟ್ಟಿರುತ್ತಾರೆ. ಆಗ ಸಂದಿನ ಪೇಂಟನ್ನು ಬ್ಲೇಡಿನಿಂದ ಗೀರಿ ಬಿಡಿಸಿಕೊಳ್ಳಬೇಕು. ಜಗ್ಗಿದರೆ ಕ್ಲಿಪ್ ಬಾಗಿ, ಆಮೇಲೆ ಜಾಲರಿ ಗಡಗಡ ಅನ್ನುತ್ತಲೇ ಇರುತ್ತದೆ. ಜಾಲರಿಯೇ ಇಲ್ಲದ ಮಾದರಿಗಳೂ ಇವೆ, ಅಷ್ಟು ಕೆಲಸ ಕಡಿಮೆ.

ಮೊದಲು ವ್ಯಾಕ್ಯೂಮಿನ ಚಪ್ಪಟೆ ಮೂತಿಯಿಂದ ಮೇಲೂ ಕೆಳಗೂ ಎಳೆಯಿರಿ. ಆಮೇಲೆ ಉದ್ದ ಕಡ್ಡಿಯ ರೇಡಿಯೇಟರ್ ಬ್ರಷ್ಷನ್ನು ಮೇಲಿನಿಂದ ಒಂದೊಂದೇ ಸಂದಿಗೆ ಇಳಿಸಿ, ಕೆಳಗೆ ತುದಿ ಕಾಣುವವರೆಗೆ ತಳ್ಳಿ. ಬ್ರಷ್ ತಲುಪದ ಕಡೆ ಹೇರ್ ಡ್ರೈಯರಿನ ತಣ್ಣನೆ ಗಾಳಿ ಊದಿದರೆ ಬೂದುಬಣ್ಣದ ಉಂಡೆಗಳು ಬೆಡ್‌ಶೀಟಿಗೆ ಬೀಳುತ್ತವೆ. ಒಣ ಧೂಳು ಪೂರ್ತಿ ಹೋಗುವವರೆಗೆ ನೀರು ಸೋಕಿಸಬೇಡಿ. ನೀರು ತಾಗಿದರೆ ಧೂಳು ಕೆಸರಾಗಿ ತಗಡಿಗೆ ಒಣಗಿ ಹಿಡಿಯುತ್ತದೆ. ಸ್ಟೀಮ್ ಕ್ಲೀನರ್ ಬೇಡ ಅನ್ನುವುದೂ ಅದಕ್ಕೇ.

ಕೊನೆಗೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಟ್ಟೆ ಹಿಂಡಿ ಹೊರಮೈ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿಬಿಡಿ. ತೇವ ಉಳಿದರೆ ಪೇಂಟ್ ಕಿತ್ತುಬಂದ ಕಡೆ ತುಕ್ಕು ಹಿಡಿಯುತ್ತದೆ. ಅಡುಗೆಮನೆಯ ರೇಡಿಯೇಟರಿಗೆ ಒಗ್ಗರಣೆ ಜಿಡ್ಡು ಕೂತಿರುವುದರಿಂದ ಎರಡು ಮೂರು ಸಲ ಒರೆಸಬೇಕಾಗುತ್ತದೆ. ಬ್ಲೀಚ್, ಉಕ್ಕಿನ ನಾರು ಎರಡೂ ಬೇಡ.

ಕಂಬ ಕಂಬವಾಗಿರುವ ಎರಕದ ಕಬ್ಬಿಣದ ರೇಡಿಯೇಟರಿದ್ದರೆ ಬ್ರಷ್ ಸಲೀಸಾಗಿ ಹೋಗುತ್ತದೆ, ಆದರೆ ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಪೇಂಟ್ ಚಕ್ಕೆ ಏಳುತ್ತಿದ್ದರೆ ಕೆರೆಯುವುದಾಗಲಿ, ಮರಳುಕಾಗದ ಉಜ್ಜುವುದಾಗಲಿ ಬೇಡ. ಮನೆಯಲ್ಲಿ ಸಣ್ಣ ಮಕ್ಕಳಿದ್ದರಂತೂ ಮಾಲೀಕರಿಗೆ ತಿಳಿಸಿ.

ರೇಡಿಯೇಟರಿನ ಒಂದು ತುದಿಯಲ್ಲಿ ಅಂಕಿ ಬರೆದ ತಿರುಗುಗುಂಡಿ, ಇನ್ನೊಂದು ತುದಿಯಲ್ಲಿ ಬರೀ ಪ್ಲಾಸ್ಟಿಕ್ ಟೋಪಿ ಸಾಮಾನ್ಯವಾಗಿ ಇರುತ್ತದೆ. ಟೋಪಿಯ ಕೆಳಗಿನ ವಾಲ್ವನ್ನು ಎಲ್ಲ ಕೋಣೆಗೂ ಬಿಸಿ ಸಮವಾಗಿ ಹೋಗುವಂತೆ ಹೊಂದಿಸಿರುತ್ತಾರೆ, ತಿರುಗಿಸಬೇಡಿ.

ಧೂಳು ತೆಗೆದ ಮೇಲೂ ಮೇಲ್ಭಾಗ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ಆರಿಸಿ, ತಣಿದ ಮೇಲೆ ಮೇಲಿನ ಮೂಲೆಯ ಚೌಕ ತಿರುಪಿಗೆ ರೇಡಿಯೇಟರ್ ಕೀಲಿ ಹಾಕಿ ಎಡಕ್ಕೆ ಕಾಲು ಸುತ್ತು ತಿರುಗಿಸಿ, ಕೆಳಗೆ ಬಟ್ಟೆ ಹಿಡಿಯಿರಿ. ಬುಸ್ ಸದ್ದು ನಿಂತು ನೀರು ಬಂದ ತಕ್ಷಣ ಮುಚ್ಚಿ. ನೀರು ಕಾಯಿಸುವ ಬಾಯ್ಲರಿನಲ್ಲಿ ಪ್ರೆಶರ್ ಮುಳ್ಳಿದ್ದರೆ, ತಣ್ಣಗಿರುವಾಗ ಅದು ಸಾಮಾನ್ಯವಾಗಿ 1ರಿಂದ 1.5 ಬಾರ್ ನಡುವೆ ಇರಬೇಕು.

ಮೇಲೆ ಬಿಸಿ, ಕೆಳಗೆ ತಣ್ಣಗೆ ಅಂದರೆ ತಳದಲ್ಲಿ ತುಕ್ಕಿನ ಕೆಸರು ಕೂತಿದೆ. ಅದು ಬ್ರಷ್ಷಿನ ಕೆಲಸವಲ್ಲ. ಇಂಗ್ಲೆಂಡಿನಲ್ಲಿ 1985ರ ಬಾಡಿಗೆ ಕಾನೂನಿನ ಪ್ರಕಾರ ಸಾಮಾನ್ಯ ಬಾಡಿಗೆಗಳಲ್ಲಿ ಹೀಟಿಂಗ್ ರಿಪೇರಿ ಮಾಲೀಕರ ಹೊಣೆ. ಫೋನಿನಲ್ಲಿ ಹೇಳಿ ಬಿಡಬೇಡಿ, ಯಾವ ರೇಡಿಯೇಟರ್, ಯಾವ ಭಾಗ ತಣ್ಣಗಿದೆ ಅಂತ ಈಮೇಲಿನಲ್ಲಿ ಬರೆದು ಕಳಿಸಿ.