ಕೇರ್ ಹೋಮ್ ಸೇರಿದ ಹಿರಿಯರ ಪಿಂಚಣಿ, ಉಳಿತಾಯ ಮತ್ತು ಊರಿನ ಆಸ್ತಿ: ಇಂಗ್ಲೆಂಡಿನ ಕನ್ನಡಿಗರಿಗೆ

ಇಂಗ್ಲೆಂಡಿನಲ್ಲಿ ತಾಯಿಯೋ ತಂದೆಯೋ ಕೇರ್ ಹೋಮ್ ಸೇರಿದ ಮೇಲೆ ಅವರ ಹಣ ನೋಡಿಕೊಳ್ಳುವ ಅಧಿಕಾರ ಮಕ್ಕಳಿಗೆ ತಾನಾಗಿ ಬರುವುದಿಲ್ಲ. ಐವತ್ತು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿಗೂ ಬರುವುದಿಲ್ಲ. ಆ ಅಧಿಕಾರ ಮೂರು ಬೇರೆ ಬೇರೆ ಕಡೆಯಿಂದ ಬರಬೇಕಾಗುತ್ತದೆ. ಇಲ್ಲಿನ ಸರಕಾರ ಕೊಡುವ ಪಿಂಚಣಿಗೆ ಒಂದು, ಇಲ್ಲಿನ ಬ್ಯಾಂಕು ಮತ್ತು ಆಸ್ತಿಗೆ ಇನ್ನೊಂದು, ಭಾರತದಲ್ಲಿರುವುದಕ್ಕೆ ಮತ್ತೊಂದು. ಒಂದನ್ನು ಮಾಡಿಸಿಕೊಂಡವರು ಎಲ್ಲವೂ ಆಯಿತೆಂದು ನೆಮ್ಮದಿಯಿಂದಿರುವುದೇ ಹೆಚ್ಚು, ತೊಡಕು ಶುರುವಾಗುವುದೂ ಅಲ್ಲಿಂದಲೇ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ನಿಯಮಗಳು ಬೇರೆಯಾಗಿರುವುದರಿಂದ ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿಗೆ ಸಂಬಂಧಿಸಿದ್ದು.

ಮೊದಲು ಆಗಬೇಕಾದದ್ದು ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ, ಅಂದರೆ ಎಲ್‌ಪಿಎ; ತಮ್ಮ ಪರವಾಗಿ ನಿರ್ಧರಿಸುವ ಅಧಿಕಾರವನ್ನು ನಂಬಿಕೆಯವರಿಗೆ ಬರೆದುಕೊಡುವ ಪತ್ರವಿದು. ಇದರಲ್ಲಿ ಆರೋಗ್ಯಕ್ಕೊಂದು, ಹಣಕಾಸು ಮತ್ತು ಆಸ್ತಿಗೊಂದು ಎಂದು ಎರಡು ಬಗೆಯಿದ್ದು, ಹಿರಿಯರು ತಿಳಿವಳಿಕೆ ಸರಿಯಿರುವಾಗಲೇ ಸ್ವತಃ ಸಹಿ ಹಾಕಿರಬೇಕು. 2005ರ ಮೆಂಟಲ್ ಕೆಪ್ಯಾಸಿಟಿ ಕಾಯ್ದೆಯು ಪ್ರತಿಯೊಬ್ಬ ವಯಸ್ಕರಿಗೂ ನಿರ್ಧರಿಸುವ ಸಾಮರ್ಥ್ಯವಿದೆ ಎಂದೇ ಭಾವಿಸಿ ಹೊರಡುತ್ತದೆಯಾದ್ದರಿಂದ, ಡಿಮೆನ್ಷಿಯಾ ಎಂದು ವೈದ್ಯರು ಬರೆದ ಮಾತ್ರಕ್ಕೆ ಬಾಗಿಲು ಮುಚ್ಚಿತೆಂದು ತಿಳಿಯಬೇಕಿಲ್ಲ. ಆರಂಭದ ಹಂತದಲ್ಲಿ ಅನೇಕರು ವಿಷಯವನ್ನು ಅರ್ಥಮಾಡಿಕೊಂಡು ಸಹಿ ಹಾಕಬಲ್ಲರು. ಅವರಿಗೆ ಅರ್ಥವಾಗಿದೆ, ಯಾರ ಒತ್ತಾಯವೂ ಇಲ್ಲ ಎಂದು ಕುಟುಂಬದ ಹೊರಗಿನ ಒಬ್ಬರು ದೃಢೀಕರಿಸಬೇಕು. ತಾಯಿಗೆ ಕನ್ನಡ ಮಾತ್ರ ಬರುವುದಾದರೆ, ಅಧಿಕಾರ ಪಡೆಯಲಿರುವ ಮಗನೇ ನಡುವೆ ಕೂತು ದುಭಾಷಿಯಾಗುವುದು ಸಲ್ಲದು. ಮುಂದೆ ತಕರಾರೆದ್ದರೆ ಮೊದಲ ಪ್ರಶ್ನೆ ಅದರ ಮೇಲೆಯೇ ಬರುತ್ತದೆ. ಆಫೀಸ್ ಆಫ್ ದಿ ಪಬ್ಲಿಕ್ ಗಾರ್ಡಿಯನ್ ಎಂಬ ಸರಕಾರಿ ಕಚೇರಿಯಲ್ಲಿ ನೋಂದಣಿಯಾಗದೆ ಈ ಪತ್ರ ಬಳಕೆಗೆ ಬರುವುದಿಲ್ಲ, ಅದಕ್ಕೆ ಕೆಲವು ವಾರಗಳು ಹಿಡಿಯುತ್ತವೆ. 2025ರ ನವೆಂಬರ್‌ನಿಂದ ಪ್ರತಿ ಪತ್ರಕ್ಕೆ ಶುಲ್ಕ 92 ಪೌಂಡ್, ಕಡಿಮೆ ಆದಾಯದವರಿಗೆ ರಿಯಾಯಿತಿಯಿದೆ. ಮಗ ರೆಡಿಂಗ್‌ನಲ್ಲಿ, ಮಗಳು ಬೆಂಗಳೂರಿನಲ್ಲಿ ಇರುವ ಮನೆಗಳಲ್ಲಿ ಇಬ್ಬರನ್ನೂ ಹೆಸರಿಸಬಹುದು. ಆದರೆ ಪ್ರತಿಯೊಂದಕ್ಕೂ ಇಬ್ಬರೂ ಸಹಿ ಹಾಕಲೇಬೇಕು ಎಂಬ ಷರತ್ತಿಗಿಂತ ಯಾರಾದರೊಬ್ಬರು ಹಾಕಿದರೂ ನಡೆಯುತ್ತದೆ ಎಂದು ಬರೆಸುವುದು ಲೇಸು.

ನಮ್ಮವರು ಇದನ್ನು ಮುಂದೂಡುವುದಕ್ಕೆ ಕಾರಣ ಹಣವಲ್ಲ, ಬದುಕಿರುವವರ ಎದುರು ಅಂಥ ಮಾತೆತ್ತುವುದು ಅಪಶಕುನ ಎಂಬ ಸಂಕೋಚ. ಸಂಕೋಚಕ್ಕೆ ತೆರಬೇಕಾದ ಬೆಲೆ ದೊಡ್ಡದು: ಸಾಮರ್ಥ್ಯ ಹೋದ ಮೇಲೆ ಕೋರ್ಟ್ ಆಫ್ ಪ್ರೊಟೆಕ್ಷನ್ ಎಂಬ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಡೆಪ್ಯುಟಿಯಾಗಿ, ಅಂದರೆ ಹಿರಿಯರ ಪರವಾಗಿ ನಿರ್ಧರಿಸುವವರಾಗಿ ನೇಮಕಗೊಳ್ಳಬೇಕು, ತಿಂಗಳುಗಟ್ಟಲೆ ಕಾಯಬೇಕು, ಜಾಮೀನು ಬಾಂಡ್ ಕಟ್ಟಬೇಕು, ಆಮೇಲೂ ವರ್ಷವರ್ಷ ಲೆಕ್ಕ ಒಪ್ಪಿಸಬೇಕು.

ಎಲ್‌ಪಿಎ ಇಲ್ಲದಿದ್ದರೂ ಸರಕಾರಿ ಪಿಂಚಣಿ ನಿಲ್ಲುವಂತಿಲ್ಲವಲ್ಲ, ಅದಕ್ಕಾಗಿ ಇರುವ ವ್ಯವಸ್ಥೆ ಅಪಾಯಿಂಟೀ, ಅಂದರೆ ಹಿರಿಯರ ಪರವಾಗಿ ಸರಕಾರಿ ಹಣ ಪಡೆದು ನೋಡಿಕೊಳ್ಳುವವರು. ಪಿಂಚಣಿ ಇಲಾಖೆಯಾದ ಡಿಡಬ್ಲ್ಯುಪಿಗೆ ತಿಳಿಸಿದರೆ ಅಧಿಕಾರಿಯೊಬ್ಬರು ಹಿರಿಯರನ್ನು ಭೇಟಿಯಾಗಿ, ನಿಮ್ಮನ್ನೂ ಮಾತಾಡಿಸಿ, ಒಪ್ಪಿಗೆಯಾದರೆ ಬಿಎಫ್57 ಎಂಬ ಪತ್ರದಿಂದ ನೇಮಕವನ್ನು ಖಚಿತಪಡಿಸುತ್ತಾರೆ. ಒಬ್ಬರಿಗೆ ಒಬ್ಬರೇ ಅಪಾಯಿಂಟೀ. ಈ ಅಧಿಕಾರ ಸ್ಟೇಟ್ ಪೆನ್ಷನ್, ಕಡಿಮೆ ಆದಾಯದ ಹಿರಿಯರಿಗೆ ಸಿಗುವ ಪೆನ್ಷನ್ ಕ್ರೆಡಿಟ್, ಆರೈಕೆ ಬೇಕಾದ ಹಿರಿಯರಿಗೆ ಸಿಗುವ ಅಟೆಂಡೆನ್ಸ್ ಅಲೋವೆನ್ಸ್‌ಗಳಂಥ ಸರಕಾರಿ ಹಣಕ್ಕೆ ಮಾತ್ರ. ಬ್ಯಾಂಕಿನ ಉಳಿತಾಯ, ಕೆಲಸ ಮಾಡಿದ ಕಂಪನಿಯ ಪಿಂಚಣಿ, ಮನೆ, ಯಾವುದನ್ನೂ ಇದು ಮುಟ್ಟುವುದಿಲ್ಲ. ಪರಿಸ್ಥಿತಿ ಬದಲಾದಾಗ ಇಲಾಖೆಗೆ ತಿಳಿಸುವ ಹೊಣೆಯೂ ಅಪಾಯಿಂಟೀಯದೇ. ಉದಾಹರಣೆಗೆ, ಕೇರ್ ಹೋಮ್ ಖರ್ಚಿನಲ್ಲಿ ಸ್ಥಳೀಯ ಆಡಳಿತವಾದ ಕೌನ್ಸಿಲ್ ಪಾಲು ಹಾಕುತ್ತಿದ್ದರೆ ಅಟೆಂಡೆನ್ಸ್ ಅಲೋವೆನ್ಸ್ 28 ದಿನಗಳ ನಂತರ ನಿಲ್ಲುತ್ತದೆ. ತಿಳಿಸದೆ ಪಡೆದುಕೊಂಡ ಹಣವನ್ನು ಮರಳಿಸಬೇಕಾಗುತ್ತದೆ. ಪೂರ್ತಿ ಖರ್ಚನ್ನು ತಾವೇ ಭರಿಸುವವರಿಗೆ ಅದು ಮುಂದುವರಿಯುತ್ತದೆ.

ಇನ್ನು ಕೌನ್ಸಿಲ್‌ನ ಹಣಕಾಸು ಪರಿಶೀಲನೆ. ಹಿರಿಯರ ಬಂಡವಾಳ 23,250 ಪೌಂಡಿಗಿಂತ ಹೆಚ್ಚಿದ್ದರೆ ಖರ್ಚೆಲ್ಲ ಅವರದೇ. 14,250ಕ್ಕಿಂತ ಕಡಿಮೆಯಿದ್ದರೆ ಉಳಿತಾಯವನ್ನು ಲೆಕ್ಕಕ್ಕೆ ಹಿಡಿಯದೆ ಆದಾಯವನ್ನು ಮಾತ್ರ ನೋಡುತ್ತಾರೆ. ಇವೆರಡರ ನಡುವೆ ಪ್ರತಿ 250 ಪೌಂಡಿಗೆ ವಾರಕ್ಕೆ ಒಂದು ಪೌಂಡ್ ಆದಾಯವೆಂದು ಎಣಿಸುತ್ತಾರೆ. ಎಣಿಸುವುದು ಹೋಮ್ ಸೇರಿದವರ ಹಣವನ್ನು ಮಾತ್ರ, ಮಕ್ಕಳ ಸಂಬಳವನ್ನಲ್ಲ. ಸ್ವಂತ ಮನೆಯಲ್ಲಿ ಗಂಡನೋ ಹೆಂಡತಿಯೋ ವಾಸವಾಗಿದ್ದರೆ ಆ ಮನೆಯನ್ನು ಬಿಟ್ಟುಬಿಡುತ್ತಾರೆ. ಯಾರೂ ಇಲ್ಲದಿದ್ದರೂ, ಉಳಿದ ಬಂಡವಾಳ ಮಿತಿಯೊಳಗಿದ್ದವರಿಗೆ ಕಾಯಂ ಆಗಿ ಸೇರಿದ ಮೊದಲ 12 ವಾರ ಅದನ್ನು ಎಣಿಸುವುದಿಲ್ಲ.

ಈ ಪರಿಶೀಲನೆಯ ಅರ್ಜಿಯಲ್ಲಿ ನಮ್ಮವರು ಎಡವುವುದು ಊರಿನ ಆಸ್ತಿಯ ಸಾಲಿನಲ್ಲಿ. ಹಾಸನದ ತೋಟ, ಜಯನಗರದ ಸೈಟು, ಸೊಸೈಟಿಯಲ್ಲಿಟ್ಟ ಠೇವಣಿ ಇವೆಲ್ಲ ಹೊರದೇಶದ್ದಾದರೂ ಬಂಡವಾಳವೇ, ಬರೆಯಲೇಬೇಕು. ತಾಯಿಯ ಹೆಸರಿನಲ್ಲಿ ಅಣ್ಣತಮ್ಮಂದಿರ ಜೊತೆಗಿರುವ, ಇನ್ನೂ ಪಾಲಾಗದ ಪಿತ್ರಾರ್ಜಿತ ಆಸ್ತಿಯಾದರೆ ಪೂರ್ತಿ ಬೆಲೆಯನ್ನಲ್ಲ, ಅವರ ಪಾಲಿನ ಬೆಲೆಯನ್ನು ಮಾತ್ರ ಎಣಿಸಬೇಕೆಂದು ವಾದಿಸುವ ದಾರಿಯಿದೆ; ಆದರೆ ಇಲ್ಲಿನ ಅಧಿಕಾರಿಗೆ ಅವಿಭಕ್ತ ಕುಟುಂಬವೆಂದರೇನೆಂದು ಗೊತ್ತಿರುವುದಿಲ್ಲ. ಖಾತಾ, ಇ.ಸಿ., ಕಂದಾಯ ಕಟ್ಟಿದ ರಸೀದಿ, ವಂಶವೃಕ್ಷ ಇವುಗಳ ಇಂಗ್ಲಿಷ್ ಅನುವಾದವನ್ನು ಒಬ್ಬ ವಕೀಲರ ಪತ್ರದೊಂದಿಗೆ ಮೊದಲ ಸಲವೇ ಕೊಟ್ಟುಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಹೋಮ್ ಸೇರುವ ಮುನ್ನ ಸೈಟನ್ನು ಮೊಮ್ಮಗನ ಹೆಸರಿಗೆ ದಾನಪತ್ರ ಮಾಡಿಸಿದರೆ ತೀರಿತಲ್ಲ ಎನ್ನುವವರೂ ಇದ್ದಾರೆ. ಖರ್ಚು ತಪ್ಪಿಸಿಕೊಳ್ಳಲೆಂದೇ ಕೊಟ್ಟದ್ದು ಎಂದು ಕಂಡುಬಂದರೆ, ಆ ಸೈಟು ಇನ್ನೂ ಅವರದೇ ಎಂಬಂತೆ ಕೌನ್ಸಿಲ್ ಲೆಕ್ಕ ಹಾಕಬಹುದು.

ಕೌನ್ಸಿಲ್ ನೆರವು ಸಿಕ್ಕ ಮೇಲೂ ಪಿಂಚಣಿಯ ಬಹುಭಾಗ ಹೋಮ್‌ಗೆ ಹೋಗುತ್ತದೆ. ಹಿರಿಯರ ಕೈಯಲ್ಲಿ ಉಳಿಯಲೇಬೇಕಾದ ಸ್ವಂತ ಖರ್ಚಿನ ಹಣ 2025–26ರಲ್ಲಿ ವಾರಕ್ಕೆ 30.65 ಪೌಂಡ್. ಇದು ಕ್ಷೌರಕ್ಕೆ, ಕೊಬ್ಬರಿ ಎಣ್ಣೆಗೆ, ಮೊಮ್ಮಕ್ಕಳ ಹುಟ್ಟುಹಬ್ಬದ ಉಡುಗೊರೆಗೆ. ಹೋಮ್‌ನ ಶುಲ್ಕಕ್ಕೆ ಇದನ್ನು ಹಿಡಿದುಕೊಳ್ಳುವಂತಿಲ್ಲ. ಹೋಮ್‌ನ ಆಫೀಸಿನಲ್ಲಿ ಹಣ ಇಟ್ಟಿದ್ದರೆ ಅವರ ಹೆಸರಿನ ಲೆಕ್ಕದ ಹಾಳೆಯನ್ನು ಆಗಾಗ ಕೇಳಿ ನೋಡಿ. ನಿಮ್ಮ ಖಾತೆಯಲ್ಲಿ ಅವರ ಪಿಂಚಣಿಯನ್ನು ಬೆರೆಸಬೇಡಿ. ಪ್ರತ್ಯೇಕ ಖಾತೆ, ರಸೀದಿಗಳ ಒಂದು ಕಡತ, ಇಷ್ಟಿದ್ದರೆ ಅಣ್ಣತಮ್ಮಂದಿರ ಮುಂದೆಯೂ ಮಾತು ಉಳಿಯುತ್ತದೆ.

ಸಸ್ಯಾಹಾರ ಅಚ್ಚುಕಟ್ಟಾಗಿ ಸಿಗುವ ಹೋಮ್ ಬೇಕೆಂದಾಗ ಕೌನ್ಸಿಲ್ ‘ಟಾಪ್ ಅಪ್’ ಎಂದು ಹೆಚ್ಚುವರಿ ಹಣ ಕೇಳುವುದುಂಟು. ಅಗತ್ಯಕ್ಕೆ ಹೊಂದುವ ಹೋಮ್ ಒಂದಾದರೂ ತಾನು ನಿಗದಿಪಡಿಸಿದ ಮೊತ್ತದೊಳಗೆ ಸಿಗುವಂತೆ ನೋಡಿಕೊಳ್ಳಬೇಕಾದದ್ದು ಕೌನ್ಸಿಲ್‌ನ ಕರ್ತವ್ಯ. ಆದ್ದರಿಂದ ಆಹಾರದ ನಿಯಮ ಇಷ್ಟಾನಿಷ್ಟದ ಮಾತಲ್ಲ, ಅಗತ್ಯ ಎಂದು ಆರೈಕೆಯ ಯೋಜನೆಯಲ್ಲೇ ಬರೆಸಿ, ಆಮೇಲೆ ಟಾಪ್ ಅಪ್ ಪತ್ರಕ್ಕೆ ಸಹಿ ಹಾಕಬೇಕೋ ಬೇಡವೋ ಯೋಚಿಸಿ.

ಭಾರತದ ಕಡೆಯದು ಬೇರೆಯೇ ಲೆಕ್ಕ. ಇಲ್ಲಿನ ಎಲ್‌ಪಿಎಯನ್ನು ಮೈಸೂರಿನ ಬ್ಯಾಂಕಿನ ಮುಂದಿಟ್ಟರೆ ಕೆಲಸವಾಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಅಲ್ಲಿ ಮಾಡಿಸಿದ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಇದೆಯೆಂದು ಧೈರ್ಯವಾಗಿರುವವರು ಗಮನಿಸಬೇಕಾದದ್ದು, 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನಂತೆ ಬರೆದುಕೊಟ್ಟವರು ಬುದ್ಧಿಸ್ವಾಸ್ಥ್ಯ ಕಳೆದುಕೊಂಡರೆ ಆ ಅಧಿಕಾರವೂ ಮುಗಿಯುತ್ತದೆ, ಅಂದರೆ ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಖಾತೆಗಳಿಗೆ ಜಂಟಿ ಹೆಸರು, ನಾಮಿನಿ, ಬಾಡಿಗೆಯ ವ್ಯವಸ್ಥೆ ಇವೆಲ್ಲವನ್ನೂ ತಿಳಿವಳಿಕೆ ಇರುವಾಗಲೇ ಮುಗಿಸಿಕೊಳ್ಳಬೇಕು. ಭಾರತದ ಸರಕಾರಿ ಪಿಂಚಣಿ ಬರುತ್ತಿದ್ದರೆ ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಸಲ್ಲಿಸಬೇಕು, ಮತ್ತು ಆ ಪಿಂಚಣಿಯನ್ನು ಕೌನ್ಸಿಲ್‌ಗೆ ಆದಾಯವೆಂದು ತೋರಿಸಬೇಕು.

ಕೊನೆಗೆ ಊರಿಗೇ ಕರೆದೊಯ್ದು ಅಲ್ಲಿನ ವೃದ್ಧಾಶ್ರಮದಲ್ಲಿರಿಸುವ ಯೋಚನೆಯಿದ್ದರೆ, ಬ್ರಿಟನ್ನಿನ ಸ್ಟೇಟ್ ಪೆನ್ಷನ್ ಭಾರತಕ್ಕೂ ಬರುತ್ತದೆ, ಆದರೆ ಅಲ್ಲಿ ನೆಲೆಸಿದವರಿಗೆ ವಾರ್ಷಿಕ ಏರಿಕೆ ಸೇರುವುದಿಲ್ಲ, ಹೋದಾಗಿನ ಮೊತ್ತದಲ್ಲೇ ನಿಲ್ಲುತ್ತದೆ. ಪೆನ್ಷನ್ ಕ್ರೆಡಿಟ್, ಅಟೆಂಡೆನ್ಸ್ ಅಲೋವೆನ್ಸ್ ಎರಡೂ ತಪ್ಪಿಹೋಗುತ್ತವೆ. ಟಿಕೆಟ್ ಕೊಳ್ಳುವ ಮೊದಲೇ ಡಿಡಬ್ಲ್ಯುಪಿಗೆ ತಿಳಿಸಿ, ಯಾವ ಖಾತೆಗೆ ಹಣ ಬರಬೇಕೆಂದು ಲಿಖಿತವಾಗಿ ಮಾಡಿಕೊಳ್ಳಿ.