ಕಣಿವೆಯಾಚೆಯ ಕೆಂಜಿಂಕೆಗೆ ಗುರಿ: ನ್ಯೂಜಿಲೆಂಡಿನ ಸದರ್ನ್ ಆಲ್ಪ್ಸ್ ಬೇಟೆ

ಕೋವಿಗೆ ಲೈಸೆನ್ಸ್, ಸರ್ಕಾರಿ ಸಂರಕ್ಷಣಾ ಭೂಮಿಗೆ ಪರ್ಮಿಟ್ ಇರಲೇಬೇಕು. 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ತೋಟಾದ ಕೋವಿ, 162 ಗ್ರೇನ್ ತೂಕದ ಗುಂಡು, 200 ಮೀಟರಿಗೆ ಜೀರೋ (ಆ ದೂರದಲ್ಲಿ ಗುಂಡು ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿದ್ದು): 400 ಮೀಟರಿನಲ್ಲಿ ಗುಂಡು ಸುಮಾರು ಅರ್ಧ ಮೀಟರ್ ಇಳಿಯುತ್ತದೆ. ನಿಮ್ಮ ಕೋವಿಯ ಇಳಿತವನ್ನು ಗುರಿಹಲಗೆಗೆ ಹೊಡೆದೇ ಬರೆದಿಟ್ಟುಕೊಳ್ಳಿ.

ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್ ಕೋನವನ್ನೂ ಅಳೆಯುವಂಥದ್ದಿರಲಿ. 30 ಡಿಗ್ರಿ ಇಳಿಜಾರಿನಲ್ಲಿ 400 ಮೀಟರ್ ಎಂದರೆ 346 ಮೀಟರಿನ ಲೆಕ್ಕ. ಇದನ್ನು ಮರೆತರೆ ಗುಂಡು ಬೆನ್ನಿನ ಮೇಲೆ ಹಾರಿಹೋಗುತ್ತದೆ.

ನಿಜವಾದ ತೊಡಕು ಗಾಳಿಯದು. ನಿಮ್ಮ ಕೆನ್ನೆಗೆ ತಾಗುವ ಗಾಳಿಯೊಂದನ್ನೇ ನಂಬಬೇಡಿ. ಕಣಿವೆಯ ನಡುವಿನ ಹುಲ್ಲು ಎತ್ತ ಬಾಗಿದೆ ನೋಡಿ. ಗಂಟೆಗೆ 15 ಕಿ.ಮೀ. ಅಡ್ಡಗಾಳಿ ಅಷ್ಟು ದೂರದಲ್ಲಿ ಗುಂಡನ್ನು ಕಾಲು ಮೀಟರ್ ತಳ್ಳಬಲ್ಲದು. ಅನುಮಾನವಿದ್ದರೆ ಹೊಡೆಯದೆ ಹತ್ತಿರ ಹೋಗಿ. ಗಾಯಗೊಂಡ ಪ್ರಾಣಿ ನರಳಬಾರದು.

ನಳಿಗೆಯನ್ನು ಬಂಡೆಗೆ ಒರಗಿಸಬೇಡಿ, ಗುರಿ ಕೆಡುತ್ತದೆ. ಬೈಪಾಡ್ (ಕೋವಿಗೆ ಎರಡು ಕಾಲಿನ ಆಸರೆ) ಮುಂದೆ, ಮರಳುಚೀಲ ಹಿಂದೆ. ಜಿಂಕೆ ಬಿದ್ದ ಜಾಗದ ಫೋಟೊ ತೆಗೆದುಕೊಂಡೇ ಕಣಿವೆ ಇಳಿಯಿರಿ. ಆ ಬದಿಯಿಂದ ಎಲ್ಲ ಪೊದೆಗಳೂ ಒಂದೇ ತರಹ ಕಾಣುತ್ತವೆ.